ಮಾರ್ತ್ಸಾನಿನ ಬಾಬುಷ್ಕಾ

ಬರ್ಲಿನ್ ನಗರಕ್ಕೆ ಹೋಗಿಬಂದವರು ಅಲ್ಲಿಯ ಗೋಡೆಯ ವಿಚಾರ ಬರೆಯದಿದ್ದರೆ, ಅವರು ಹೋಗಿದ್ದರೆಂಬುದನ್ನೇ ಓದುಗರು ನಂಬಲಾರರು. ಆದುದರಿಂದ ಮೊದಲೇ ಹೇಳಿಬಿಡುತ್ತೇವೆ: 1961ರಲ್ಲಿ ಎದ್ದು 1989ರ ನವೆಂಬರ್ 9ರಂದು ದಾರಿ ಬಿಟ್ಟುಕೊಟ್ಟ ಆ ಗೋಡೆಯ ಅಳಿದುಳಿದ ತುಂಡುಗಳನ್ನು ನಾವೂ ನೋಡಿದೆವು, ಅದರ ಮುಂದೆ ನಿಂತು ಅಳಿಯನಿಂದ ಫೋಟೋ ತೆಗೆಸಿಕೊಂಡೆವು. ಆದರೆ ಕಾಸರಗೋಡಿನ ನಮ್ಮ ಮನೆಗೆ ಮರಳಿ, ಜಗಲಿಯಲ್ಲಿ ಕುಳಿತು ಕಣ್ಣು ಮುಚ್ಚಿದರೆ ಕಾಣುವುದು ಆ ಗೋಡೆಯಲ್ಲ. ನಗರದ ಪೂರ್ವದ ಅಂಚಿನ ಮಾರ್ತ್ಸಾನ್ ಎಂಬ ಬಡಾವಣೆಯಲ್ಲಿ, ಏಳನೆಯ ಮಹಡಿಯಲ್ಲಿರುವ ಒಂದು ಇಕ್ಕಟ್ಟಾದ ಅಡುಗೆಮನೆ.

ಮಗಳೂ ಅಳಿಯನೂ ಅಲ್ಲಿ ಬಾಡಿಗೆಗೆ ಇರುವರು. ನೋಡಲು ಬರುವ ತಂದೆತಾಯಿಗಳಿಗೆ ಆ ದೇಶ ಕೊಡುವ ಅವಕಾಶ 90 ದಿನಗಳದ್ದು. ಹೋದ ವರ್ಷ ಮೇ ತಿಂಗಳ ಮೊದಲಲ್ಲಿ ಇಳಿದ ನಾವು ಗಂಡಹೆಂಡಿರು ಜುಲೈ ಕೊನೆಯವರೆಗೂ ಅಲ್ಲಿದ್ದೆವು. ಪೂರ್ವ ಜರ್ಮನಿಯ ಸರಕಾರವು 1970ರ ದಶಕದ ಕೊನೆಯಿಂದ, ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟಿನ ಹಲಗೆಗಳನ್ನು ತಂದು ಒಂದಕ್ಕೊಂದು ಜೋಡಿಸಿ ಕಟ್ಟಿಸಿದ ಬಡಾವಣೆ ಇದು. ಹನ್ನೊಂದು ಮಹಡಿಯ ಕಟ್ಟಡಗಳು ಸಾಲುಸಾಲಾಗಿ ನಿಂತಿವೆ. ಮೊದಲ ವಾರ ನಾವು ಎರಡು ಬಾರಿ ಬೇರೆಯವರ ಮನೆಯ ಬಾಗಿಲಿಗೆ ಬೀಗದ ಕೈ ಹಾಕಿ ನಾಚಿಕೊಂಡೆವು. ಈ ಕಟ್ಟಡಗಳ ನಡುವೆ ಹಳೆಯ ಮಾರ್ತ್ಸಾನ್ ಹಳ್ಳಿಯೂ ಉಳಿದುಕೊಂಡಿದೆ: ಇಟ್ಟಿಗೆಯ ಇಗರ್ಜಿ, ಕಲ್ಲು ಹಾಸಿದ ಬೀದಿ, ದಿಬ್ಬದ ಮೇಲೆ 1994ರಲ್ಲಿ ನಿಲ್ಲಿಸಿದ ಮರದ ಗಾಳಿಗಿರಣಿ. ಸಂಜೆ ಆ ದಿಬ್ಬದವರೆಗೆ ನಡೆದುಹೋಗಿ ಬರುವುದು ನಮ್ಮ ನಿತ್ಯಕ್ರಮವಾಯಿತು.

ನಮ್ಮ ಎದುರು ಬಾಗಿಲಿನಲ್ಲಿ ಒಬ್ಬ ಮಹಿಳೆ ಒಬ್ಬರೇ ವಾಸವಾಗಿದ್ದರು. ಶಾಲೆ ಬಿಟ್ಟು ಬಂದ ಮೊಮ್ಮಗ ಚೀಲವನ್ನು ನಮ್ಮ ಮನೆಯೊಳಕ್ಕೆ ಎಸೆದು, ತಾನು ಅವರ ಮನೆಗೆ ನುಗ್ಗುತ್ತಿದ್ದ. ಅವನು ಅವರನ್ನು ಕರೆಯುವುದು 'ಬಾಬುಷ್ಕಾ' ಎಂದು. ರಷ್ಯನ್ ಭಾಷೆಯಲ್ಲಿ ಅಜ್ಜಿ. ಅವರಿಗಿಂತ ಎರಡು ವರ್ಷ ಹಿರಿಯರಾದ ನಾವೂ ಅದೇ ಹೆಸರಿನಿಂದ ಕರೆಯತೊಡಗಿದೆವು, ಅವರು ಬೇಸರಿಸಲಿಲ್ಲ. ಅವರ ಜರ್ಮನನ್ನು ಮಗಳು ಕನ್ನಡಕ್ಕೆ ತಿರುಗಿಸಿ ಹೇಳುವಳು. ಅವಳು ಕೆಲಸಕ್ಕೆ ಹೋದಾಗ ಆ ಭಾರ ಎಂಟು ವರ್ಷದ ಮೊಮ್ಮಗನ ಮೇಲೆ ಬೀಳುತ್ತಿತ್ತು. ಅವನು ತನಗೆ ಬೇಡವೆನಿಸಿದ ಮಾತುಗಳನ್ನು ಬಿಟ್ಟುಬಿಡುತ್ತಿದ್ದನೆಂಬುದು ನಮಗೆ ತಡವಾಗಿ ತಿಳಿಯಿತು.

ಮೊದಲ ದಿನ ಅವರ ಅಡುಗೆಮನೆಗೆ ಕಾಲಿಟ್ಟಾಗ ನಮ್ಮ ಮನೆಯಾಕೆಯ ಕಣ್ಣಿಗೆ ಬಿದ್ದುದು ನಲ್ಲಿಗೆ ಕಟ್ಟಿ ತೂಗಹಾಕಿದ ಬಿಳಿ ಬಟ್ಟೆಯ ಗಂಟು. ಕೆಳಗಿನ ಪಾತ್ರೆಗೆ ನೀರು ತೊಟ್ಟಿಕ್ಕುತ್ತಿತ್ತು. "ಶ್ರೀಖಂಡಕ್ಕೆ ಇಟ್ಟಿದ್ದಾರಾ ಕೇಳು" ಎಂದು ಈಕೆ ಮಗಳಿಗೆ ಹೇಳಿದಳು. ಶ್ರೀಖಂಡವೆಂದರೇನೆಂದು ಬಿಡಿಸಿ ಹೇಳಿದಾಗ ಬಾಬುಷ್ಕಾ ಗಂಟನ್ನು ಬಿಚ್ಚಿ ತೋರಿಸಿದರು. ಅಂದಿನಿಂದ ನಮ್ಮ ಎರಡೂ ಮನೆಗಳ ಬಾಗಿಲು ಹಗಲಿನಲ್ಲಿ ಮುಚ್ಚಿದ್ದು ಕಡಿಮೆ.

ಅವರ ವೃತ್ತಾಂತವನ್ನು ಇಲ್ಲಿ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗದು. ರಷ್ಯದ ರಾಣಿ ಎರಡನೆಯ ಕ್ಯಾಥರೀನ್ ಹುಟ್ಟಿನಿಂದ ಜರ್ಮನಳು. ಆಕೆ 1763ರಲ್ಲಿ ಹೊರದೇಶದ ರೈತರನ್ನು ತನ್ನ ರಾಜ್ಯಕ್ಕೆ ಆಹ್ವಾನಿಸಿದಾಗ ಸಾವಿರಾರು ಜರ್ಮನ್ ಕುಟುಂಬಗಳು ವೋಲ್ಗಾ ನದಿಯ ದಡಕ್ಕೆ ಹೋಗಿ ನೆಲೆಸಿದವು. ತಮ್ಮ ಭಾಷೆ, ತಮ್ಮ ಇಗರ್ಜಿ, ತಮ್ಮ ರೊಟ್ಟಿ ಎಂದು ಬಾಳಿದವು. ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಸೈನ್ಯ ರಷ್ಯಕ್ಕೆ ನುಗ್ಗಿದಾಗ, 1941ರ ಆಗಸ್ಟ್ 28ರ ಒಂದು ಆಜ್ಞೆಯಿಂದ ಅವರೆಲ್ಲರನ್ನೂ ಗೂಡ್ಸ್ ಗಾಡಿಗಳಲ್ಲಿ ತುಂಬಿ ಸೈಬೀರಿಯಕ್ಕೂ ಕಜಕಸ್ತಾನಕ್ಕೂ ಸಾಗಿಸಲಾಯಿತು. ಬಾಬುಷ್ಕಾ ಅವರ ತಾಯಿಗೆ ಆಗ 12 ವರ್ಷ. ಬಾಬುಷ್ಕಾ ಹುಟ್ಟಿದುದು 1955ರಲ್ಲಿ, ಕಜಕಸ್ತಾನದ ಕಲ್ಲಿದ್ದಲಿನ ಊರಾದ ಕರಗಂದದ ಬಳಿ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಜರ್ಮನಿಯು ಇಂಥವರಿಗೆ ಬಾಗಿಲು ತೆರೆಯಿತು. 1994 ಒಂದೇ ವರ್ಷದಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿ ಬಂದರಂತೆ. ಬಾಬುಷ್ಕಾ ತಾಯಿಯನ್ನು ಕರೆದುಕೊಂಡು 1993ರಲ್ಲಿ ಬಂದರು. ಮೊದಲು ಫ್ರೀಡ್‌ಲಾಂಡ್ ಎಂಬಲ್ಲಿಯ ಶಿಬಿರ, ಆಮೇಲೆ ಮಾರ್ತ್ಸಾನ್.

"ಅಲ್ಲಿ ನಮ್ಮನ್ನು ಜರ್ಮನರು ಎನ್ನುತ್ತಿದ್ದರು, ಇಲ್ಲಿ ರಷ್ಯದವರು ಎನ್ನುತ್ತಾರೆ" ಎಂದು ಅವರು ಹೇಳಿದಾಗ ಮಗಳು ಭಾಷಾಂತರಿಸುವ ಮೊದಲೇ ನಮಗೆ ಅರ್ಥವಾದಂತಾಯಿತು. ನಾವು 1956ರ ನವೆಂಬರ್ 1ರಂದು ಮನೆ ಬದಲಿಸದೆ ರಾಜ್ಯ ಬದಲಿಸಿದ ಊರಿನವರು. ಮಂಗಳೂರಿನ ಅಂಗಡಿಯಲ್ಲಿ ನಾವು ಕೇರಳದವರು, ತಿರುವನಂತಪುರದ ಕಚೇರಿಯಲ್ಲಿ ಕನ್ನಡದವರು. ಇದನ್ನು ಅವರಿಗೆ ವಿವರಿಸಿ ಹೇಳಲು ಒಂದು ಇಡೀ ಸಂಜೆ ಹಿಡಿಯಿತು. ನಮ್ಮನ್ನು ಯಾರೂ ಗೂಡ್ಸ್ ಗಾಡಿಯಲ್ಲಿ ತುಂಬಲಿಲ್ಲವೆಂಬುದನ್ನೂ ಜತೆಗೇ ಹೇಳಿದೆವು. ಹೋಲಿಕೆಗೂ ಒಂದು ಮಿತಿಯಿರಬೇಕು.

ಇಷ್ಟೆಲ್ಲ ಆಗಿ ತಾಯ್ನಾಡು ಎಂಬ ಜರ್ಮನಿಗೆ ಬಂದು ಸೇರಿದವರಿಗೆ ಮೊದಲು ಕಾಡಿದುದು ರಷ್ಯದ ಊಟ. ಹಾಲಿನದೇ ಮೊದಲ ತಾಪತ್ರಯ. ರಷ್ಯನ್ ಮನೆಗಳಲ್ಲಿ 'ತ್ವೋರಗ್' ಇಲ್ಲದೆ ಬೆಳಗಾಗದು. ಹಾಲನ್ನು ಹುಳಿಯಾಗಲು ಬಿಟ್ಟು, ಆ ಮೊಸರನ್ನು ಸಣ್ಣ ಉರಿಯಲ್ಲಿ ಬಿಸಿ ಮಾಡಿ, ನೀರು ಬೇರೆಯಾದ ಮೇಲೆ ಬಟ್ಟೆಯಲ್ಲಿ ಕಟ್ಟಿ ತೂಗಹಾಕಿದರೆ ಉಳಿಯುವ ಹರಳುಹರಳಾದ ಗಟ್ಟಿಯೇ ತ್ವೋರಗ್. ಅದಕ್ಕೆ ಮೊಟ್ಟೆ, ಸಕ್ಕರೆ, ಒಂದು ಹಿಡಿ ಹಿಟ್ಟು ಸೇರಿಸಿ ಬಿಲ್ಲೆ ತಟ್ಟಿ ಬೆಣ್ಣೆಯಲ್ಲಿ ಬೇಯಿಸಿದರೆ 'ಸಿರ್ನಿಕಿ'. ಬರ್ಲಿನ್ನಿನ ಅಂಗಡಿಯ ಹಾಲು ಹುಳಿಯಾಗುತ್ತಲೇ ಇರಲಿಲ್ಲ, ಇಟ್ಟರೆ ಕಹಿಯಾಗುತ್ತಿತ್ತು. ಕಾಯಿಸಿ ಶುದ್ಧಮಾಡಿದ ಹಾಲಿನಲ್ಲಿ ಹುಳಿ ಹಿಡಿಸುವ ಜೀವಾಣುಗಳೇ ಉಳಿದಿರುವುದಿಲ್ಲ. ಹೆಪ್ಪು ಹಾಕದೆ ಮೊಸರಾಗದು ಎಂಬುದು ನಮಗೆ ಹುಟ್ಟಿನಿಂದ ಗೊತ್ತು; ತಾನಾಗಿ ಹುಳಿಯುವ ಹಾಲನ್ನೇ ಕಂಡವರಿಗೆ ಅದು ಹೊಳೆಯಲು ಕೆಲವು ವಾರ ಬೇಕಾಯಿತು. ಕೊನೆಗೆ ಡಬ್ಬಿಯ ಮಜ್ಜಿಗೆಯಿಂದ ಹೆಪ್ಪು ಹಾಕುವುದನ್ನು ಕಲಿತರು.

ಅಂಗಡಿಯಲ್ಲಿ 'ಕ್ವಾರ್ಕ್' ಎಂಬ ಪದಾರ್ಥವೂ ಇತ್ತು. ಅದೂ ಹುಳಿ ಹಾಲಿನ ಗಟ್ಟಿಯೇ. ಆದರೆ ಯಂತ್ರದಲ್ಲಿ ತಿರುಗಿಸಿ ತೆಗೆದ ಕ್ವಾರ್ಕ್ ನುಣ್ಣಗೆ, ಒದ್ದೆಯಾಗಿ, ಮುಲಾಮಿನಂತೆ ಇರುತ್ತದೆ. ಅದರಲ್ಲಿ ಸಿರ್ನಿಕಿ ತಟ್ಟಿದರೆ ಬಾಣಲೆಯ ತುಂಬ ಹರಡಿಕೊಳ್ಳುವುದು. ಬಿಗಿಯಾಗಲೆಂದು ಹಿಟ್ಟು ಸುರಿದರೆ ರಬ್ಬರಿನಂತಾಗುವುದು. ಉಪಾಯವೆಂದರೆ ಬಟ್ಟೆಯ ಗಂಟು. ಅರ್ಧ ಕಿಲೋ ಕ್ವಾರ್ಕನ್ನು ರಾತ್ರಿ ಕಟ್ಟಿಟ್ಟರೆ ಬೆಳಿಗ್ಗೆ ಸುಮಾರು 350 ಗ್ರಾಂ ಉಳಿಯುತ್ತದೆ, ಬಿಲ್ಲೆ ನಿಲ್ಲುತ್ತದೆ. ನಾವು ಮೊದಲ ದಿನ ನಲ್ಲಿಯಲ್ಲಿ ಕಂಡ ಗಂಟು ಅದೇ. ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯ ಓದುಗರು ಇದನ್ನು ಕಂಡರೆ ಚಕ್ಕಾ ಎಂದೇ ಕರೆದಾರು. ಸೂಪಿನ ಮೇಲೆ ಹಾಕುವ ಹುಳಿಗೆನೆಯ ವಿಚಾರವೂ ಹೀಗೆಯೇ: ಜರ್ಮನರ ತೆಳು ಹುಳಿಗೆನೆ ಬಿಸಿಗೆ ಬಿದ್ದೊಡನೆ ಒಡೆದು ಚೂರಾಗುವುದು, 'ಷ್ಮಾಂಡ್' ಎಂಬ, ನೂರಕ್ಕೆ 24ರಷ್ಟು ಕೊಬ್ಬಿರುವ ದಪ್ಪನೆಯದು ಒಡೆಯದೆ ನಿಲ್ಲುವುದು. ಇದನ್ನು ಕಂಡುಕೊಳ್ಳುವಷ್ಟರಲ್ಲಿ ಎಷ್ಟು ಪಾತ್ರೆ ಬೀಟ್‌ರೂಟಿನ ಸಾರು ಹಾಳಾಯಿತೆಂದು ಅವರು ಲೆಕ್ಕವಿಟ್ಟಿಲ್ಲ.

ಕಪ್ಪು ರೊಟ್ಟಿಗೆ ಜರ್ಮನಿಯಲ್ಲಿ ಕೊರತೆಯಿಲ್ಲ. ಆದರೂ ಅವರಿಗೆ ಬೇಕಾದುದು 'ಬರದೀನ್ಸ್ಕಿ' ಎಂಬ ರೊಟ್ಟಿ. ರೈ ಹಿಟ್ಟಿಗೆ ಮೊಳಕೆ ಬರಿಸಿ ಒಣಗಿಸಿದ ರೈಯ ಪುಡಿ, ಕಾಕಂಬಿ, ಮತ್ತು ಮೇಲಿನಿಂದ ಧಾರಾಳವಾಗಿ ಕೊತ್ತಂಬರಿ ಬೀಜ. ಕಾಕಂಬಿಯ ಬದಲು ಅಲ್ಲಿಯ ಸಕ್ಕರೆ ಬೀಟಿನ ಪಾಕ, ಮೊಳಕೆಪುಡಿಯ ಬದಲು ಮಕ್ಕಳೂ ಕುಡಿಯುವ ಕಪ್ಪು ಮಾಲ್ಟ್ ಪಾನೀಯ ಬಳಸಿದರಂತೆ. ಕೊತ್ತಂಬರಿಯನ್ನು ಮಾತ್ರ ತುರ್ಕಿಯವರ ಅಂಗಡಿಯಿಂದ ತಂದರು. ಕೊತ್ತಂಬರಿ ಹಾಕಿದ ರೊಟ್ಟಿಯೇ ಎಂದು ನಾವು ಮೂಗೆಳೆದೆವು. ತಿಂದ ಮೇಲೆ ಸುಮ್ಮನಾದೆವು.

ಜುಲೈ ಬಂದಾಗ ಸೌತೆಕಾಯಿಯ ಕಾಲ ಬಂತು. ಅದರ ಬಗ್ಗೆ ನಾವು ಸ್ವಲ್ಪ ಹೆಚ್ಚಾಗಿಯೇ ಬರೆಯಬೇಕು, ಯಾಕೆಂದರೆ ನಮ್ಮ ಮನೆಯಾಕೆ ಅಲ್ಲಿ ಕೈ ಹಾಕಿದುದು ಇದೊಂದಕ್ಕೆ. ಅಂಗಡಿಯಲ್ಲಿ ಸಾಲಾಗಿ ಇಟ್ಟ ಉಪ್ಪಿನಕಾಯಿಯ ಬಾಟಲಿಗಳಲ್ಲಿ ಬೆರಳುದ್ದದ ಮಿಡಿಸೌತೆಗಳು. ಒಂದು ಬಾಟಲಿಯನ್ನು ತಿರುಗಿಸಿ ನೋಡಿದರೆ ಬೆಳೆದ ದೇಶ ಭಾರತ ಎಂದು ಬರೆದಿತ್ತು. ಈ ಬೆಳೆ ನಮ್ಮ ದೇಶದಲ್ಲಿ 1990ರ ದಶಕದಲ್ಲಿ ಮೊದಲಾದುದೇ ಕರ್ನಾಟಕದಲ್ಲಿ. ಆಮೇಲೆ ತಮಿಳುನಾಡಿಗೂ ಆಂಧ್ರಕ್ಕೂ ಹಬ್ಬಿ, ಈಗ ಜರ್ಮನಿ, ರಷ್ಯಗಳಿಗೂ ಹೋಗುತ್ತದೆ. ನಾವು ಅಭಿಮಾನದಿಂದ ಒಂದು ಬಾಟಲಿ ಕೊಂಡು ಅವರಿಗೆ ಕೊಟ್ಟೆವು. ಅವರು ಒಂದನ್ನು ಕಡಿದು, ವಿನಯದಿಂದ ನಕ್ಕು, ಮುಚ್ಚಳ ಹಾಕಿದರು. ವಿನೆಗರಿನದು! ರಷ್ಯದ ಸೌತೆ ಉಪ್ಪುನೀರಿನಲ್ಲಿ ತಾನೇ ಹುಳಿಯಬೇಕು.

ಅವರಿಗೆ ಊರಾಚೆ ರೈಲುಹಳಿಯ ಬದಿಯಲ್ಲಿ ಬಾಡಿಗೆಯ ಒಂದು ತುಂಡು ತೋಟವಿದೆ. ಅಲ್ಲಿಂದ ಗುಳ್ಳೆಗುಳ್ಳೆಯಾದ ಗಿಡ್ಡ ಸೌತೆಗಳನ್ನು ಕೊಯ್ದು ತಂದರು. ಮೂರು ಲೀಟರಿನ ಗಾಜಿನ ಭರಣಿ. ತಳದಲ್ಲಿ ಹೂ ಬಿಟ್ಟ ಸಬ್ಬಸಿಗೆಯ ಗೊಂಚಲು. ನಮ್ಮ ಸಬ್ಬಸಿಗೆಯೇ, ಮರಾಠಿ ಸೀಮೆಯವರ ಶೇಪು. ಬೆಳ್ಳುಳ್ಳಿ, ಚೆರ್ರಿ ಮರದ ಎಲೆ, ಕಪ್ಪು ಕರಂಟ್ ಗಿಡದ ಎಲೆ, ಓಕ್ ಮರದ ಎಲೆ. ಎಲೆಗಳ ಒಗರಿನಿಂದ ಕಾಯಿ ಮೆತ್ತಗಾಗದೆ ಕರುಂಕುರುಂ ಎನ್ನುತ್ತದೆ. ಲೀಟರಿಗೆ 50 ಗ್ರಾಂ ಉಪ್ಪು. ಮೇಲೆ ತೇಲದಂತೆ ಒಂದು ತಟ್ಟೆ, ಅದರ ಮೇಲೆ ತೊಳೆದ ಕಲ್ಲು. "ಇದು ನಮ್ಮ ಉಪ್ಪುನೀರಿನ ಮಾವಿನಕಾಯಿಯ ಅಕ್ಕನೋ ತಂಗಿಯೋ" ಎಂದು ನಮ್ಮ ಮನೆಯಾಕೆ ಕೈ ತೊಳೆದು ಪಕ್ಕದಲ್ಲಿ ಕುಳಿತಳು. ಮೂರನೆಯ ದಿನಕ್ಕೆ ನೀರು ಮಬ್ಬಾಗಿ ಗುಳ್ಳೆ ಬಂತು. ಬಂದ ಹೊಸತರಲ್ಲಿ ತೋಟವಿಲ್ಲದಾಗ ಏನು ಮಾಡಿದಿರಿ ಎಂದು ಕೇಳಿದೆವು. ಸಾರ್ವಜನಿಕ ಉದ್ಯಾನದ ಓಕ್ ಮರದಿಂದ ಎಲೆ ಕಿತ್ತು, ಹೊರಗಿನವರು ಹೀಗೆಲ್ಲ ಮಾಡುತ್ತಾರೆಂದು ಯಾರೋ ಬೈದುದನ್ನು ಕೇಳಿಕೊಂಡು ಬಂದರಂತೆ.

ಈ ಸಂದರ್ಭದಲ್ಲಿ ಅಳಿಯ ಪುಸ್ತಕಾಲಯದಲ್ಲಿ ಜರ್ಮನ್ ಶಬ್ದಗಳ ವ್ಯುತ್ಪತ್ತಿ ಕೋಶವೊಂದನ್ನು ತೆರೆದು ತೋರಿಸಿದ ಸಂಗತಿಯನ್ನು ಹೇಳಲೇಬೇಕು. ಕ್ವಾರ್ಕ್ ಎಂಬ ಜರ್ಮನ್ ಶಬ್ದ ಮಧ್ಯಯುಗದಲ್ಲಿ ನೆರೆಯ ಸ್ಲಾವ್ ಭಾಷೆಗಳಿಂದ ಬಂದುದು. ಅದಕ್ಕೂ ತ್ವೋರಗಿಗೂ ಬೇರು ಒಂದೇ. ಸೌತೆಗೆ ಜರ್ಮನರು ಹೇಳುವ 'ಗುರ್ಕೆ'ಯೂ ಅಲ್ಲಿಂದಲೇ ಬಂದುದು. ಮೂವತ್ತು ವರ್ಷ ಬಾಬುಷ್ಕಾ ಯಾವುದನ್ನು ಬದಲಿ ಎಂದು ಭಾವಿಸಿ ಬಟ್ಟೆಯಲ್ಲಿ ಸೋಸುತ್ತಿದ್ದರೋ ಅದು ಹೆಸರು ಮಾಸಿದ ಸ್ವಂತ ವಸ್ತುವೇ. ಇದನ್ನು ತಿಳಿಸಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅದೇ ಕೋಶದಲ್ಲಿ ಮೂರನೆಯ ಶಬ್ದವೊಂದೂ ಇತ್ತು. ಗಡಿಗೆ ಜರ್ಮನರು ಹೇಳುವ 'ಗ್ರೆಂತ್ಸೆ' ಎಂಬುದನ್ನೂ ಅವರು ಗಡಿಯಾಚೆಯ ಸ್ಲಾವರ 'ಗ್ರಾನಿತ್ಸಾ'ದಿಂದಲೇ ತೆಗೆದುಕೊಂಡಿದ್ದಾರೆ! ಅದಕ್ಕೆ ಬಾಬುಷ್ಕಾ ನಗಲಿಲ್ಲ. ಭರಣಿಯ ಮೇಲಿನ ಕಲ್ಲನ್ನು ಸರಿಪಡಿಸಿದರು.

ಈಗ ಇಂಥ ಪರದಾಟ ಅಗತ್ಯವಿಲ್ಲವೆಂಬುದನ್ನೂ ಬರೆಯಬೇಕು. ಇವರಂಥವರು ಲಕ್ಷಗಟ್ಟಲೆ ಬಂದ ಮೇಲೆ ಅವರ ಸಾಮಾನಿನ ಅಂಗಡಿಗಳೂ ಹುಟ್ಟಿಕೊಂಡವು. ಮಾರ್ತ್ಸಾನಿನ ಅಂತಹ ಒಂದು ಅಂಗಡಿಗೆ ಅವರು ನಮ್ಮನ್ನು ಕರೆದೊಯ್ದರು. ತ್ವೋರಗ್, ಬರದೀನ್ಸ್ಕಿ, ಉಪ್ಪುಸೌತೆ ಎಲ್ಲವೂ ಅಲ್ಲಿವೆ. ಚೀಟಿ ಓದಿದರೆ ಮಾಡಿದ ಊರುಗಳು ಲಿಥುವೇನಿಯ, ಪೋಲೆಂಡ್, ಹೆಚ್ಚಿನವು ಜರ್ಮನಿಯೇ. 2022ರ ಫೆಬ್ರವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ಯುದ್ಧ ಹೂಡಿದ ಮೇಲೆ ಅಲ್ಲಿಗೆ ಉಕ್ರೇನಿನ ನಿರಾಶ್ರಿತರೂ ಬರುತ್ತಾರೆ. ಹಣ ಕೊಡುವ ಸಾಲಿನಲ್ಲಿ ಮೊದಲಿನಷ್ಟು ಮಾತಿಲ್ಲ ಎಂದು ಬಾಬುಷ್ಕಾ ಹೇಳಿದರು. ನಾವು ಹೆಚ್ಚು ಕೇಳಲಿಲ್ಲ.

ಅದೇ ಅಂಗಡಿಯಲ್ಲಿ 'ಗ್ರೇಚ್ಕಾ' ಚೀಲಗಳನ್ನೂ ಕಂಡೆವು. ಮೂರು ಮೂಲೆಯ ಸಣ್ಣ ಕಾಳು. ಉತ್ತರ ಭಾರತದವರು ಉಪವಾಸದ ದಿನ ಬಳಸುವ ಕುಟ್ಟುವಿನ ಕಾಳೇ ಇದು. ರಷ್ಯದವರಿಗೆ ಇದು ನಮ್ಮ ಅನ್ನದ ಹಾಗೆ. ಬಾಬುಷ್ಕಾ ಒಂದು ಚೀಲ ಕೊಂಡು ಕಪಾಟಿನಲ್ಲಿಟ್ಟರು. ಆದರೆ ಜುಲೈ ಮೂರನೆಯ ವಾರ ಅವರ ತಾಯಿಯ ಪುಣ್ಯತಿಥಿಗೆ ನಮ್ಮನ್ನು ಊಟಕ್ಕೆ ಕರೆದ ದಿನ ಆ ಚೀಲ ಅಲ್ಲಿಯೇ ಉಳಿದಿತ್ತು. ಮೇಜಿನ ಮೇಲಿದ್ದುದು ಜರ್ಮನರ ಆರೋಗ್ಯಾಹಾರದ ಅಂಗಡಿಯಿಂದ ತಂದ ಹಸಿರು ಬಣ್ಣದ ಹಸಿ ಕಾಳು. ಸಿದ್ಧವಾದುದು ಮನೆಯಲ್ಲೇ ಇರುವಾಗ ಇದೇಕೆ ಎಂದು ನಮ್ಮ ಮನೆಯಾಕೆ ಕೇಳಿದಳು.

ಅವರು ಹೇಳಿದುದಿಷ್ಟು. ತಾಯಿಗೆ ಬದಲಿಯ ಅಭ್ಯಾಸ ಮೊದಲಿನಿಂದಲೂ ಇತ್ತು. ಕಜಕಸ್ತಾನದಲ್ಲಿ ಆಕೆ ವೋಲ್ಗಾ ದಡದ ಜರ್ಮನರ 'ರಿವಲ್ ಕೂಖೆ' ಎಂಬ ಸಿಹಿರೊಟ್ಟಿಯನ್ನು ಬೆಣ್ಣೆ ಸಿಗದ ವರ್ಷಗಳಲ್ಲಿ ಹತ್ತಿಬೀಜದ ಎಣ್ಣೆಯಿಂದ ಮಾಡುತ್ತಿದ್ದಳು, ಯಾರಿಗೂ ಹೇಳುತ್ತಿರಲಿಲ್ಲ. ಬರ್ಲಿನ್ನಿಗೆ ಬಂದ ಮೊದಲ ವರ್ಷ ಗ್ರೇಚ್ಕಾಕ್ಕೆ ತೊಂದರೆಯಾಗಲಿಲ್ಲ. ನಗರದಲ್ಲಿ ಇನ್ನೂ ಇದ್ದ ರಷ್ಯನ್ ಸೇನೆಯ ವಸತಿಯ ಪರಿಚಯದವರೊಬ್ಬರು ತಂದುಕೊಡುತ್ತಿದ್ದರು. 1994ರ ಆಗಸ್ಟ್ 31ರಂದು ಆ ಸೇನೆ ದೇಶ ಬಿಟ್ಟಿತು, ಗ್ರೇಚ್ಕಾ ನಿಂತಿತು. 1996ರಲ್ಲಿ ತಾಯಿ ಹಾಸಿಗೆ ಹಿಡಿದಳು. ಏನನ್ನೂ ತಿನ್ನದವಳು ಒಂದು ದಿನ ಗ್ರೇಚ್ಕಾ ಕೇಳಿದಳು. ಮಗಳು ಊರೆಲ್ಲ ಅಲೆದು, ಅದೇ ಕಾಳಿನ ಜರ್ಮನ್ ಹೆಸರು ಹುಡುಕಿ, ಈ ಹಸಿರು ಕಾಳನ್ನು ತಂದು ಬೇಯಿಸಿದಳು. ಅದು ಅಂಟಂಟಾಗಿ ಕರಗಿಹೋಯಿತು. ತಾಯಿ ಎರಡು ಚಮಚ ತಿಂದು, "ಇದು ಕಾಯಿಲೆಯವರ ಗಂಜಿ" ಎಂದು ತಟ್ಟೆ ಸರಿಸಿದಳಂತೆ.

ಇಲ್ಲಿ ನಮ್ಮ ಓದುಗರಿಗೆ ಕಾರಣವನ್ನು ತಿಳಿಸುವುದು ಸುಲಭ. ನಮ್ಮಲ್ಲಿ ಭತ್ತವನ್ನು ಹೊಟ್ಟಿನ ಸಮೇತ ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿದರೆ ಕುಚ್ಚಲಕ್ಕಿ. ಹಾಗೆಯೇ ಕುಟ್ಟಿದರೆ ಬೆಳ್ತಿಗೆ. ರಷ್ಯದ ಗಿರಣಿಗಳಲ್ಲಿ ಈ ಕಾಳನ್ನೂ ಸಿಪ್ಪೆ ತೆಗೆಯುವ ಮೊದಲು ಹಬೆಯಲ್ಲಿ ಬೇಯಿಸಿ ಬಿಸಿಯಲ್ಲಿ ಒಣಗಿಸುತ್ತಾರೆ. ಅದರಿಂದಲೇ ಕಂದು ಬಣ್ಣ, ಸುವಾಸನೆ, ಉದುರುಉದುರಾದ ಅನ್ನ. ಕುಚ್ಚಲಕ್ಕಿ ಗಂಜಿ ಕೇಳಿದವರಿಗೆ ಬೆಳ್ತಿಗೆ ಬೇಯಿಸಿ ಕೊಟ್ಟ ಹಾಗಾಗಿತ್ತು ಅವರ ಸ್ಥಿತಿ.

ಕೆಳಗಿನ ಮಹಡಿಯಲ್ಲಿದ್ದ, ಸೈಬೀರಿಯದಿಂದ ಬಂದ ಒಬ್ಬಾಕೆ ಹಸಿ ಕಾಳನ್ನು ಹುರಿದುಕೊಳ್ಳಲು ಹೇಳಿದಳು. ಮರುದಿನ ತಟ್ಟೆಯಲ್ಲಿ ಹರಡಿ 180 ಡಿಗ್ರಿಯ ಒಲೆಯೊಳಗಿಟ್ಟರು. ಆ ಹಳೆಯ ಒಲೆಯ ಎಡಬದಿಗೆ ಕಾವು ಹೆಚ್ಚು. ಅಷ್ಟು ಕಾಳು ಕರಟಿಹೋಯಿತು. ಎಸೆಯೋಣವೆಂದು ತಟ್ಟೆ ಹೊರಗೆಳೆಯುವಾಗ ಒಳಕೋಣೆಯಿಂದ ತಾಯಿಯ ದನಿ: "ಗ್ರೇಚ್ಕಾ ಯಾರು ತಂದರು?" ಒಂದು ಲೋಟ ಕಾಳಿಗೆ ಎರಡು ಲೋಟ ನೀರು, ಉಪ್ಪು, ಮುಚ್ಚಿದ ಪಾತ್ರೆ, ಸಣ್ಣ ಉರಿ, ಸೌಟು ಹಾಕಬಾರದು. ತಾಯಿ ತಟ್ಟೆ ತುಂಬ ಉಂಡಳು. ಕರಟಿದ ಕಾಳು ಹಲ್ಲಿಗೆ ಸಿಕ್ಕಿತೆಂದು ಬೈದೂ ಬೈದಳು. ಹನ್ನೊಂದು ದಿನಗಳ ಮೇಲೆ ತೀರಿಕೊಂಡಳು.

ಹೇಳುತ್ತ ಹೇಳುತ್ತ ಬಾಬುಷ್ಕಾ ಹಸಿರು ಕಾಳನ್ನು ತಟ್ಟೆಯಲ್ಲಿ ಹರಡಿ ಒಲೆಯೊಳಗಿಟ್ಟಿದ್ದರು. ಈಗಿನದು ಹೊಸ ಒಲೆ, ಎಲ್ಲ ಕಡೆಗೂ ಒಂದೇ ಕಾವು. ಕಾಳು ಕೆಂಪಾದ ಮೇಲೆ ಅವರು ತಟ್ಟೆಯಿಂದ ಎರಡು ಹಿಡಿಯಷ್ಟನ್ನು ಬಾಣಲೆಗೆ ಹಾಕಿ, ಕಪ್ಪಾಗುವವರೆಗೆ ಹುರಿದು, ಮತ್ತೆ ಅದರೊಳಗೇ ಬೆರೆಸಿದರು. ನಮ್ಮ ಮನೆಯಾಕೆ ಏನೋ ಹೇಳಹೊರಟವಳು ಸುಮ್ಮನಾದಳು.

ಕಿಟಕಿಯ ಬದಿಯ ಮೇಜಿನಲ್ಲಿ ಊಟಕ್ಕೆ ಕುಳಿತೆವು. ಬೆಣ್ಣೆ ಕರಗುತ್ತಿದ್ದ ಗ್ರೇಚ್ಕಾ, ಭರಣಿಯ ಸೌತೆ, ಸಬ್ಬಸಿಗೆ. ಎರಡನೆಯ ತುತ್ತಿಗೇ ಮೊಮ್ಮಗ ಮುಖ ಹಿಂಡಿ, ಕಹಿಯಾಗಿದೆ ಎಂದು ಜರ್ಮನಿನಲ್ಲೂ ಕನ್ನಡದಲ್ಲೂ ದೂರಿದ. ನಾವು ಅವನನ್ನು ಗದರಿಸಲು ಬಾಯ್ತೆರೆಯುವಷ್ಟರಲ್ಲಿ ಬಾಬುಷ್ಕಾ ಸಂತೋಷದಿಂದ ಎದ್ದರು. "ಎಡಬದಿಯದು" ಎಂದು ಹೇಳಿ, ಅವನ ತಟ್ಟೆಗೆ ಇನ್ನೊಂದು ಚಮಚ ಬೆಣ್ಣೆ ಹಾಕಿದರು.